ಬಾಟಲಿ ಬದಲಾಯಿಸಿ ನೋಡು

ಪುಟ್ಟಿ,

ನೀನು ಕಳಿಸಿದ ಸ್ಕ್ರಿಪ್ಟ್ ಓದಿದೆ. ತಿಪಟೂರಿನ ಮರದ ಗಾಣದವರಿಗೆ ಒಂದು ನಿಮಿಷದ ನಗೆ ವಿಡಿಯೊ. ನೀನೇ ಬರೆದು ನೀನೇ ನಿರ್ದೇಶಿಸೋ ಮೊದಲ ಕೆಲಸ. ಅತ್ತೆ ಸೊಸೆ ಜಗಳ ಇದೆ, ಹೊಟ್ಟೆ ಬಂದ ಗಂಡಸೊಬ್ಬ ಅಡುಗೆಮನೆಯಲ್ಲಿ ಜಾರಿ ಬೀಳೋದಿದೆ, ಮಧ್ಯೆ ಸಿನಿಮಾ ಹೀರೊ ಒಬ್ಬರ ಮಿಮಿಕ್ರಿ ಇದೆ, ಕೊನೆಗೆ ಕೊಬ್ಬರಿ ಎಣ್ಣೆ ಬಾಟಲಿ. ಎರಡು ಕಡೆ ನನಗೂ ನಗು ಬಂತು. ಆದರೆ ರೆಕ್ಕಿಗೆ ಹೊರಡೋ ಮುಂಚೆ ಒಂದು ಪರೀಕ್ಷೆ ಮಾಡು. ಕೊನೆಯ ಶಾಟಿನಲ್ಲಿ ಎಣ್ಣೆ ಬಾಟಲಿ ತೆಗೆದು ಅದೇ ಜಾಗದಲ್ಲಿ ಫಿನಾಯಿಲ್ ಬಾಟಲಿ ಇಟ್ಟು ಮತ್ತೆ ಓದು. ಕಥೆಗೆ ಏನೂ ಆಗೋದಿಲ್ಲ. ಟೀ ಪುಡಿ ಪೊಟ್ಟಣ ಇಟ್ಟರೂ ಆಗೋದಿಲ್ಲ. ಅಂದಮೇಲೆ ಆ ನಗು ಗಾಣದವರದಲ್ಲ. ಜನ ನಗ್ತಾರೆ, ನೆಂಟರಿಷ್ಟರಿಗೆಲ್ಲ ಫಾರ್ವರ್ಡ್ ಮಾಡ್ತಾರೆ, ಯಾರ ಎಣ್ಣೆ ಅಂತ ಕೇಳಿದರೆ ತಲೆ ಕೆರೆದುಕೊಳ್ತಾರೆ. ದುಡ್ಡು ಹಾಕಿದ ಮನುಷ್ಯನಿಗೆ ಅದರಿಂದ ಒಂದು ಲೀಟರ್ ಕೂಡ ಹೆಚ್ಚಿಗೆ ಮಾರಾಟ ಆಗೋದಿಲ್ಲ.

ನಗು ಸರಕಿನ ಒಳಗಿಂದಲೇ ಹುಟ್ಟಬೇಕು. ಜಾಹೀರಾತು ಚಿತ್ರಗಳ ಹಿಂದೆ ಇಷ್ಟು ವರ್ಷ ಓಡಾಡಿದ ನಿನ್ನ ಮಾವನಿಗೆ ನಿನ್ನ ಹತ್ತಿರ ಹೇಳಲೇಬೇಕು ಅನ್ನಿಸೋದು ಇದೊಂದೇ.

ಫೆವಿಕಾಲ್ ಬಸ್ಸಿನ ಜಾಹೀರಾತು ನೋಡಿದೀಯಲ್ಲ? ಹಿಂದೆ ಎಷ್ಟೋ ಸಲ ನಿನಗೆ ನಾನೇ ತೋರಿಸಿದ್ದೇನೆ. ಓಗಿಲ್ವಿ ಏಜೆನ್ಸಿಯ ಪೀಯೂಷ್ ಪಾಂಡೆ ಅವರ ತಂಡದ ಕೆಲಸ, ನಿರ್ದೇಶನ ಅವರ ತಮ್ಮ ಪ್ರಸೂನ್ ಪಾಂಡೆ ಅವರದು. ರಾಜಸ್ಥಾನದ ಬಯಲು ರಸ್ತೆಯಲ್ಲಿ ಒಂದು ಬಸ್ಸು. ಒಳಗೆ ಜನ, ಟಾಪಿನ ಮೇಲೆ ಜನ, ಪಕ್ಕಕ್ಕೆ ನೇತುಬಿದ್ದ ಜನ. ಗುಂಡಿಗೆ ಇಳಿದು ಬಸ್ಸು ವಾಲಾಡುತ್ತೆ, ಜನರ ರಾಶಿಯೂ ಅದರ ಜೊತೆಗೇ ವಾಲಾಡುತ್ತೆ, ಒಬ್ಬನೂ ಬೀಳೋದಿಲ್ಲ. ಬಸ್ಸು ನಮ್ಮನ್ನು ದಾಟಿ ಹೋದಮೇಲೆ ಅದರ ಹಿಂಬದಿಯಲ್ಲಿ ಫೆವಿಕಾಲ್ ಹೆಸರು ಕಾಣುತ್ತೆ. ಒಂದು ಡೈಲಾಗ್ ಇಲ್ಲ. 2002ರಲ್ಲಿ ಕಾನ್ ಜಾಹೀರಾತು ಉತ್ಸವದಲ್ಲಿ ಅದಕ್ಕೆ ಬೆಳ್ಳಿ ಸಿಂಹ ಬಂತು. ಆ ಬಸ್ಸಿನ ಹಿಂದೆ ಫಿನಾಯಿಲ್ ಅಂತ ಬರೆದು ನೋಡು. ಚಿತ್ರವೇ ಸತ್ತುಹೋಗುತ್ತೆ. ಅಂಟಿನ ಗುಣವೇ ಅಲ್ಲಿ ತಮಾಷೆ, ಅದಕ್ಕೇ ಅದನ್ನು ನೆನಪಿಟ್ಟವರೆಲ್ಲ ಫೆವಿಕಾಲನ್ನೂ ನೆನಪಿಟ್ಟಿದ್ದಾರೆ.

ನಿನ್ನ ಗಾಣದ ಗುಣ ಯಾವುದು? ನನ್ನನ್ನು ಕೇಳಿದರೆ, ನಿಧಾನ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ಒಮ್ಮೆ ನೆನಪು ಮಾಡಿಕೋ. ಬಲಿತ ತೆಂಗಿನಕಾಯಿ ಅಟ್ಟ ಸೇರಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ತಾನಾಗಿ ಇಂಗಬೇಕು, ಕಾಯಿ ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯೋದಕ್ಕೆ ಮನೆಯ ಹಿರಿಯರು ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಆಯಿತು. ಆಮೇಲೆ ಗಾಣ. ಅದು ಮಿಲ್ಲಿನ ಯಂತ್ರದ ಹಾಗೆ ಕಾದು ಕೆಂಪಾಗಿ ಹಿಂಡಿ ಬಿಸಾಡೋದಿಲ್ಲ. ತನ್ನ ಪಾಡಿಗೆ ತಾನು ಸುತ್ತುತ್ತಾ ಇರುತ್ತೆ. ಎಣ್ಣೆ ಇಳಿದಮೇಲೂ ಕೂಡಲೇ ಬಾಟಲಿಗೆ ತುಂಬೋ ಹಾಗಿಲ್ಲ, ಮಡ್ಡಿ ತಳಕ್ಕೆ ಕೂರೋವರೆಗೂ ಕಾಯಬೇಕು.

ಈಗ ಯೋಚಿಸು. ಕಾಯಿ ಅಟ್ಟ ಸೇರಿದ ದಿನದಿಂದ ಎಣ್ಣೆ ಬರೋವರೆಗೆ ಒಂದು ಮನೆಯಲ್ಲಿ ಏನೇನು ನಡೆದುಹೋಗಬಹುದು! ಅಜ್ಜ ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿ, "ಇನ್ನೂ ಆಗಿಲ್ಲ" ಅಂತ ವಾಪಸ್ ಇಡ್ತಾನೆ. ಕೆಳಗೆ ಮೊಮ್ಮಗಳ ಮದುವೆ ವಾಲಗ. ಮತ್ತೆ ಕಾಯಿ, ಮತ್ತೆ "ಇನ್ನೂ ಆಗಿಲ್ಲ"; ಕೆಳಗೆ ಸೀಮಂತದ ಆರತಿ. ಕೊನೆಗೊಮ್ಮೆ ಲೊಟಲೊಟ ಸದ್ದು ಬರೋ ಹೊತ್ತಿಗೂ ಕೆಳಗಿನಿಂದ ಕೂಸು ಅಳೋ ಸದ್ದು ಬರೋ ಹೊತ್ತಿಗೂ ಸರಿಯಾಗುತ್ತೆ. ಕೂಸಿನ ಎಣ್ಣೆ ನೀರಿಗೆ ಎಣ್ಣೆ ಸಿದ್ಧ. ಇದನ್ನೇ ಮಾಡು ಅಂತ ನಾನು ಹೇಳ್ತಿಲ್ಲ. ಆದರೆ ಇದರೊಳಗೆ ಫಿನಾಯಿಲ್ ಬಾಟಲಿ ಇಡೋಕೆ ಆಗೋದಿಲ್ಲ ಅನ್ನೋದನ್ನು ನೋಡು.

ಇಂಥದ್ದು ಏಜೆನ್ಸಿಯ ಮೇಜಿನ ಸುತ್ತ ಕೂತು ಕಾಫಿ ಕುಡಿದರೆ ಹೊಳೆಯೋದಿಲ್ಲ. ಕ್ಯಾಮೆರಾ ಬಿಟ್ಟು ಒಂದು ಪೂರ್ತಿ ದಿನ ಗಾಣದ ಮನೆಯಲ್ಲಿ ಕೂತ್ಕೋ. ಅಮೆರಿಕದ ಯೂಟಾದಲ್ಲಿ ಬ್ಲೆಂಡ್‌ಟೆಕ್ ಅಂತ ಮಿಕ್ಸಿ ಮಾಡೋ ಕಂಪನಿ ಇದೆ. ಅದರ ಯಜಮಾನ ಟಾಮ್ ಡಿಕ್ಸನ್ ಮಿಕ್ಸಿ ಎಷ್ಟು ಗಟ್ಟಿ ಅಂತ ಪರೀಕ್ಷಿಸೋದಕ್ಕೆ ಮರದ ತುಂಡು ಹಾಕಿ ರುಬ್ಬುತ್ತಿದ್ದರು. ಅವರಿಗೆ ಅದು ದಿನನಿತ್ಯದ ಕೆಲಸ. ಮಾರ್ಕೆಟಿಂಗಿಗೆ ಸೇರಿದ್ದ ಜಾರ್ಜ್ ರೈಟ್ ಅನ್ನೋರು ನೆಲದ ಮೇಲೆ ಬಿದ್ದಿದ್ದ ಮರದ ಹೊಟ್ಟು ಕಂಡು ಇದೇನು ಅಂತ ವಿಚಾರಿಸಿದರು. 2006ರಲ್ಲಿ ಸುಮಾರು 50 ಡಾಲರ್ ಖರ್ಚಿನಲ್ಲಿ ಗೋಲಿ, ತೋಟದ ಕುಂಟೆಯ ಹಿಡಿ, ಒಂದು ಬಿಳಿ ಕೋಟು ತಂದು ಮೊದಲ ವಿಡಿಯೊಗಳನ್ನು ತೆಗೆದರು. ಮಾರನೇ ವರ್ಷ ಹೊಸದಾಗಿ ಬಂದ ಐಫೋನನ್ನೇ ಮಿಕ್ಸಿಗೆ ಹಾಕಿ ಪುಡಿ ಮಾಡಿದರು. ಡಿಕ್ಸನ್ ನಟರಲ್ಲ. ಅವರು ನಗಿಸೋಕೆ ಹೋಗಲೇ ಇಲ್ಲ, ತಮ್ಮ ಕೆಲಸವನ್ನು ಗಂಭೀರವಾಗಿ ಮಾಡಿದರು ಅಷ್ಟೇ. ನಿನ್ನ ಗಾಣದ ಮನೆಯಲ್ಲೂ ಅಂಥ ಹೊಟ್ಟು ನೆಲದ ಮೇಲೆ ಬಿದ್ದಿರುತ್ತೆ. ಅಲ್ಲಿನವರಿಗೆ ಅದು ಕಣ್ಣಿಗೆ ಬೀಳೋದಿಲ್ಲ, ಹೊರಗಿನಿಂದ ಹೋದ ನಿನಗೆ ಬೀಳಬೇಕು.

ಗಂಭೀರ ಮುಖದ ವಿಷಯ ಬಂತಲ್ಲ, ಅದನ್ನೇ ಹೇಳಿಬಿಡ್ತೀನಿ. ತಮಾಷೆ ಮಾಡೋವನಿಗೆ ತಾನು ತಮಾಷೆ ಮಾಡ್ತಿದ್ದೇನೆ ಅಂತ ಗೊತ್ತಿರೋ ಹಾಗೆ ಕಂಡರೆ ಮುಗಿಯಿತು. ಅಜ್ಜನಿಗೆ ಆ ಕಾಯಿ ಜಗತ್ತಿನ ಅತಿ ದೊಡ್ಡ ವಿಷಯ ಆಗಿರಬೇಕು. ನಮ್ಮ ಹಾಸ್ಯನಟ ನರಸಿಂಹರಾಜು ಅವರ ಯಾವ ಸಿನಿಮಾ ಬೇಕಾದರೂ ಹಾಕಿಕೊಂಡು ನೋಡು. ಆ ಪಾತ್ರಕ್ಕೆ ಬಂದ ಫಜೀತಿ ಅವರಿಗೆ ನಿಜವಾದ ಫಜೀತಿ. ನಾವು ನಗೋದೇ ಅದಕ್ಕೆ.

ಅಜ್ಜನ ಪಾತ್ರಕ್ಕೆ ಬೆಂಗಳೂರಿನಿಂದ ಆರ್ಟಿಸ್ಟ್ ಕರೆದುಕೊಂಡು ಹೋಗಬೇಡ. ನೀನು ರೈಲಿನಲ್ಲಿ ಹೋದರೆ ತುಮಕೂರು ದಾಟಿದಮೇಲೆ ಗುಬ್ಬಿ ಬರುತ್ತೆ. ವರ್ಸಟೈಲ್ ಕಮೆಡಿಯನ್ ಅನ್ನೋ ಬಿರುದು ಹೊತ್ತ ನಾಟಕದ ವೀರಣ್ಣನವರ ಊರು. ಆ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಕುರುಕ್ಷೇತ್ರ ನಾಟಕ ಆಡ್ತಾರೆ, ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಕೊಡ್ತಾರೆ. ದುರ್ಯೋಧನ, ಶಕುನಿ ಮಾಡಿ ವಯಸ್ಸಾದವರು ಸಿಕ್ಕೇ ಸಿಗ್ತಾರೆ. ಮಾತು ಅವರ ನಾಲಿಗೆಯಲ್ಲಿ ಕೂತಿರುತ್ತೆ, ಸಭಾಕಂಪ ಅಂದರೇನು ಅಂತಲೇ ಗೊತ್ತಿರೋದಿಲ್ಲ. ಒಂದೇ ತೊಂದರೆ, ಬಯಲಿನ ಕೊನೆಯಲ್ಲಿ ಕೂತವನಿಗೂ ಕೇಳಿಸೋ ಹಾಗೆ ಹೇಳಿ ಅಭ್ಯಾಸ. "ಸಣ್ಣದಾಗಿ ಮಾಡಿ" ಅಂದರೆ ಅವರಿಗೆ ಅರ್ಥವಾಗೋದಿಲ್ಲ, ಮನಸ್ಸಿಗೂ ಬೇಜಾರಾಗುತ್ತೆ. "ಯಜಮಾನ್ರೇ, ಮನೆಯಲ್ಲಿ ಕೂಸು ಮಲಗಿದೆ, ಎಚ್ಚರ ಆಗದ ಹಾಗೆ ಹೇಳಿ" ಅನ್ನು. ಒಂದೇ ಟೇಕಿಗೆ ಸರಿಹೋಗುತ್ತೆ.

ನಿನ್ನ ಕ್ಲೈಂಟ್ ತಾವೇ ನಟಿಸ್ತೀನಿ ಅಂತಿದ್ದಾರೆ ಅಂತ ಬೇಸರದಿಂದ ಬರೆದಿದ್ದೀಯ. ಅದಕ್ಕೆ ಬೇಸರ ಪಟ್ಟುಕೋಬೇಡ. ಡಾಲರ್ ಶೇವ್ ಕ್ಲಬ್ ಅನ್ನೋ ರೇಜರ್ ಕಂಪನಿಯ ಮೈಕೇಲ್ ಡ್ಯೂಬಿನ್ 2012ರ ಮಾರ್ಚಿನಲ್ಲಿ ತಮ್ಮ ಗೋದಾಮಿನಲ್ಲೇ ನಡೆದಾಡುತ್ತಾ ಮಾತಾಡಿದ ವಿಡಿಯೊ ಬಿಟ್ಟರು. ಖರ್ಚು ಸುಮಾರು 4,500 ಡಾಲರ್, ಶೂಟಿಂಗ್ ಒಂದೇ ದಿನ. ಎರಡು ದಿನದಲ್ಲಿ 12,000 ಆರ್ಡರ್ ಬಂದವು. 2016ರಲ್ಲಿ ಯೂನಿಲಿವರ್ ಆ ಕಂಪನಿಯನ್ನು 100 ಕೋಟಿ ಡಾಲರಿಗೆ ಕೊಂಡಿತು. ಇದನ್ನು ಕೇಳಿದವರೆಲ್ಲ 4,500 ಡಾಲರಿನ ಹತ್ತಿರವೇ ನಿಂತುಬಿಡ್ತಾರೆ. ಡ್ಯೂಬಿನ್ ವರ್ಷಗಟ್ಟಲೆ ನ್ಯೂಯಾರ್ಕಿನ ಹಾಸ್ಯ ರಂಗಶಾಲೆಯಲ್ಲಿ ಆಶುನಾಟಕ ಕಲಿತಿದ್ದರು, ನಿರ್ದೇಶನ ಮಾಡಿದ ಲೂಸಿಯಾ ಅನಿಯೆಲ್ಲೊ ಕೂಡ ಅದೇ ಗರಡಿಯವರು. ಆ ಸಲೀಸು ಸುಮ್ಮನೆ ಬಂದದ್ದಲ್ಲ. ನಿನ್ನ ಯಜಮಾನರಿಗೆ ಆ ಅಭ್ಯಾಸ ಇರೋದಿಲ್ಲ, ಆದ್ದರಿಂದ ಅವರಿಗೆ ಡೈಲಾಗ್ ಕೊಡಬೇಡ, ಕೆಲಸ ಕೊಡು. ಒರಳಿಗೆ ಕೊಬ್ಬರಿ ಚೂರು ಹಾಕೋದು, ಹಿಂಡಿ ತೆಗೆಯೋದು, ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು ಮೂಸೋದು. ವರ್ಷಾನುಗಟ್ಟಲೆ ಮಾಡಿದ ಕೆಲಸದಲ್ಲಿ ಕೈ ತಡವರಿಸೋದಿಲ್ಲ, ಮುಖವೂ ಕೃತಕ ಆಗೋದಿಲ್ಲ.

ಇನ್ನು ಸೆಟ್ಟಿನ ಮಾತು. ನಗೆ ಚಿತ್ರದ ಸೆಟ್ಟಿನಷ್ಟು ಗಂಭೀರವಾದ ಜಾಗ ಇನ್ನೊಂದಿಲ್ಲ, ಇರಲೂಬಾರದು. ವೊಡಾಫೋನ್ ಜಾಹೀರಾತಿನ ಜೂಜೂಗಳನ್ನೇ ತಗೋ. 2009ರ ಐಪಿಎಲ್ ಕಾಲದಲ್ಲಿ ನೀನು ಪುಟ್ಟ ಹುಡುಗಿ, ಪಂದ್ಯ ಬಿಟ್ಟು ಅವನ್ನು ನೋಡೋಕೆ ಓಡಿ ಬರ್ತಿದ್ದೆ. ಎಲ್ಲರೂ ಅವನ್ನು ಕಂಪ್ಯೂಟರಿನಲ್ಲಿ ಮಾಡಿದ ಬೊಂಬೆಗಳು ಅಂದುಕೊಂಡರು. ಅಲ್ಲ, ಒಳಗೆ ಮನುಷ್ಯರಿದ್ದರು. ಮಾಡಿದವರು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್, ನಿರ್ದೇಶಕ ಪ್ರಕಾಶ್ ವರ್ಮಾ, ಓಗಿಲ್ವಿಯ ರಾಜೀವ್ ರಾವ್ ಅವರ ಕಲ್ಪನೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ತೆಳ್ಳಗಿನ ಮೈಕಟ್ಟಿನ ಕಲಾವಿದರಿಗೆ, ಹೆಚ್ಚಿನವರು ಹೆಣ್ಣುಮಕ್ಕಳೇ, ಬಿಳಿ ಬಟ್ಟೆಯ ಕವಚ ತೊಡಿಸಿ, ತಲೆಗೆ ಗಟ್ಟಿ ಮೊಟ್ಟೆಯಂಥ ಮುಖವಾಡ ಹಾಕಿಸಿ ತೆಗೆದರು. ಬಟ್ಟೆ ಮಡಿಕೆ ಬಿದ್ದರೆ ಒಳಗೆ ಮನುಷ್ಯರಿದ್ದಾರೆ ಅಂತ ಗೊತ್ತಾಗಿಬಿಡುತ್ತೆ, ಅದಕ್ಕೆ ಮಡಿಕೆ ಬೀಳದ ಬಟ್ಟೆ ಹುಡುಕಿದರು. ಪಾತ್ರಗಳು ಚಿಕ್ಕದಾಗಿ ಕಾಣಲಿ ಅಂತ ಸೆಟ್ಟಿನ ವಸ್ತುಗಳನ್ನೆಲ್ಲ ದೊಡ್ಡದಾಗಿ ಮಾಡಿಸಿದರು. ಮುಖದ ಭಾವಕ್ಕೆ ರಬ್ಬರಿನ ತುಟಿ, ಕಣ್ಣು ಅಂಟಿಸಿದರು. ಕ್ಯಾಮೆರಾ ಸೆಕೆಂಡಿಗೆ 20 ಫ್ರೇಮಿನ ಲೆಕ್ಕದಲ್ಲಿ ಓಡಿತು. ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ನಡಿಗೆ ಒಂಚೂರು ಚುರುಕಾಗಿ, ಮನುಷ್ಯರದಲ್ಲ ಅನ್ನೋ ಹಾಗೆ ಕಂಡಿತು. ಸುಮಾರು 30 ಚಿತ್ರಗಳು ಹೀಗೆ ತಯಾರಾದವು. ನಾಲ್ಕು ಫ್ರೇಮ್ ಕಡಿಮೆ ಮಾಡೋ ತೀರ್ಮಾನದ ಹಿಂದೆ ಎಷ್ಟು ಟೆಸ್ಟ್ ಶೂಟ್ ಇರುತ್ತೆ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ನಿನ್ನ ಬಜೆಟ್ಟಿನಲ್ಲಿ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅಟ್ಟದ ಕತ್ತಲೆಯಲ್ಲಿ ಅಜ್ಜನ ಮುಖಕ್ಕೆ ಬೆಳಕು ಎಲ್ಲಿಂದ ಬೀಳುತ್ತೆ, ಕಾಯಿಯ ಸದ್ದನ್ನು ಮೈಕು ಹಿಡಿಯುತ್ತಾ ಇಲ್ಲವಾ ಅನ್ನೋದನ್ನು ಫೋನಿನಲ್ಲೇ ತೆಗೆದು ಮುಂಚೆಯೇ ನೋಡಿಕೊಳ್ಳೋಕೆ ದುಡ್ಡು ಬೇಕಾಗಿಲ್ಲ. ಕಾಯಿಯ ಸದ್ದನ್ನು ಶಾಂತವಾದ ಕೋಣೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೋ. ಇಡೀ ತಮಾಷೆ ಆ ಸದ್ದಿನ ಮೇಲೆ ನಿಂತಿದೆ.

ಸೆಟ್ಟಿನಲ್ಲಿ ಬರೋ ನಗುವನ್ನು ನಂಬಬೇಡ. ಮೊದಲ ಟೇಕಿಗೆ ಲೈಟ್‌ಬಾಯಿಂದ ಹಿಡಿದು ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಅವರಿಗೆ ಆರ್ಟಿಸ್ಟ್ ಗೊತ್ತು, ಬೆಳಿಗ್ಗೆ ನಡೆದ ಪ್ರಸಂಗ ಗೊತ್ತು. ಮನೆಯಲ್ಲಿ ಫೋನ್ ಹಿಡಿದು ಕೂತವಳಿಗೆ ಅದೊಂದೂ ಗೊತ್ತಿರೋದಿಲ್ಲ. ಇನ್ನೊಂದು ಕಡೆ, ಎಂಟು ಹತ್ತು ಟೇಕ್ ಆದಮೇಲೆ ಯಾರೂ ನಗೋದಿಲ್ಲ, ಆಗ ನಿರ್ದೇಶಕರಿಗೆ ಗಾಬರಿ ಶುರುವಾಗುತ್ತೆ. ಡೈಲಾಗ್ ಸೇರಿಸ್ತಾರೆ, ಮುಖ ಸೊಟ್ಟ ಮಾಡಿ ಅಂತಾರೆ, ಎಡಿಟಿಂಗಿನಲ್ಲಿ ಟೊಯ್ಂ ಟೊಯ್ಂ ಅಂತ ಸೌಂಡ್ ಎಫೆಕ್ಟ್ ತುಂಬ್ತಾರೆ. ಕಾಗದದ ಮೇಲೆ ಮೊದಲ ಸಲ ಓದಿದಾಗ ಎಲ್ಲಿ ನಗು ಬಂತು ಅಂತ ಮಾರ್ಜಿನ್ನಿನಲ್ಲಿ ಗುರುತು ಹಾಕಿಟ್ಟುಕೋ. ಸೆಟ್ಟಿನಲ್ಲಿ ಅನುಮಾನ ಬಂದಾಗ ಆ ಗುರುತನ್ನು ನಂಬು.

ಎಡಿಟಿಂಗಿನಲ್ಲಿ ನಿನ್ನ ವಯಸ್ಸಿನವರಿಗೆ ಅವಸರ ಜಾಸ್ತಿ. ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಜನ ಮುಂದಕ್ಕೆ ತಳ್ಳಿಬಿಡ್ತಾರೆ ಅನ್ನೋದು ನಿಜ, ಆದ್ದರಿಂದ ಮೊದಲ ಶಾಟೇ ಕಿವಿಗೆ ಕಾಯಿ ಹಿಡಿದ ಅಜ್ಜ ಆಗಿರಲಿ. ಲೋಗೊ, ಅಂಗಡಿ ಮುಂಗಟ್ಟು, ಡ್ರೋನ್ ಶಾಟ್ ಯಾವುದೂ ಬೇಡ. ಆದರೆ ಅಜ್ಜ ಕೇಳಿಸಿಕೊಳ್ತಾ ಇರೋವಾಗ ಕತ್ತರಿ ಹಾಕಬೇಡ. ಆತ ಕೇಳ್ತಿದ್ದಾನೆ, ನಾವೂ ಕೇಳ್ತಿದ್ದೇವೆ, ಆ ಮೌನದಲ್ಲೇ ನಗು ತುಂಬಿಕೊಳ್ಳೋದು. ಸದ್ದಿಲ್ಲದೆ ನೋಡೋವರು ಬಹಳ ಇದ್ದಾರೆ, ಮಾತುಗಳನ್ನು ಪರದೆಯ ಮೇಲೆ ಅಕ್ಷರದಲ್ಲೂ ಹಾಕು. ಅಕ್ಷರ ಮಾತಿಗಿಂತ ಮುಂಚೆ ಬಂದರೆ ತಮಾಷೆ ಕೆಟ್ಟಿತು. ಈ ತಪ್ಪನ್ನು ಇವತ್ತು ಅರ್ಧಕ್ಕರ್ಧ ವಿಡಿಯೊಗಳಲ್ಲಿ ನೋಡ್ತೀನಿ.

ಹೊಟ್ಟೆ ಬಂದ ಗಂಡಸು ಜಾರಿ ಬೀಳೋದನ್ನು ತೆಗೆದುಹಾಕು. ಯಾರದೋ ಮೈ ನೋಡಿ, ಬಣ್ಣ ನೋಡಿ, ಮಾತಿನ ಧಾಟಿ ನೋಡಿ ನಗೋದು ನಮ್ಮಲ್ಲಿ ಬಹಳ ಕಾಲದಿಂದ ಬಂದಿದೆ, ಅದು ಸಾಕು. ಆ ಅಂಗಡಿಗೆ ದಪ್ಪಗಿರೋವರೂ ಎಣ್ಣೆ ಕೊಳ್ಳೋಕೆ ಬರ್ತಾರೆ. ಮಂಗಳೂರಿನವರ ಕನ್ನಡ, ಧಾರವಾಡದವರ ಕನ್ನಡ ಕೇಳಿದ ಕೂಡಲೇ ನಗು ಅನ್ನೋ ಸೂತ್ರವೂ ಬೇಡ. ಅಜ್ಜನನ್ನು ನೋಡಿ ನಾವು ನಗೋದು ಆತನ ಶ್ರದ್ಧೆಗೆ. ಮುಗಿದಮೇಲೆ ಆತನ ಮೇಲೆ ಪ್ರೀತಿ ಹೆಚ್ಚಾಗಿರಬೇಕು. ಆ ಪ್ರೀತಿ ಎಣ್ಣೆಗೂ ಸಲ್ಲುತ್ತೆ.

ಹೀರೊ ಮಿಮಿಕ್ರಿಯೂ ಬೇಡ. ಕ್ರೆಡ್ ಕಂಪನಿಯವರು 2021ರಲ್ಲಿ ರಾಹುಲ್ ದ್ರಾವಿಡ್ ಅವರನ್ನು ಟ್ರಾಫಿಕ್ಕಿನಲ್ಲಿ ಸಿಟ್ಟಿಗೇಳಿಸಿ, ಬ್ಯಾಟಿನಲ್ಲಿ ಪಕ್ಕದ ಕಾರಿನ ಕನ್ನಡಿ ಒಡೆಸಿದರು. ಇಡೀ ದೇಶ ನಕ್ಕಿತು, ಯಾಕಂದರೆ ಅವರ ತಾಳ್ಮೆ ಇಡೀ ದೇಶಕ್ಕೆ ಗೊತ್ತು. ಅದು ದ್ರಾವಿಡ್ ಅವರ ಒಪ್ಪಿಗೆಯಿಂದ, ಅವರೇ ನಟಿಸಿದ್ದು. ಒಪ್ಪಿಗೆ ಇಲ್ಲದೆ ದೊಡ್ಡವರ ಧ್ವನಿ, ಹಾವಭಾವ ವ್ಯಾಪಾರಕ್ಕೆ ಬಳಸಿದರೆ ವಕೀಲರ ನೋಟಿಸ್ ಬರುತ್ತೆ. ಟ್ರೆಂಡಿಂಗ್ ಹಾಡೂ ಅಷ್ಟೇ; ಇನ್‌ಸ್ಟಾಗ್ರಾಮಿನಲ್ಲಿ ಎಲ್ಲರಿಗೂ ಸಿಗುತ್ತೆ ಅಂತ ಜಾಹೀರಾತಿಗೆ ಹಾಕೋ ಹಾಗಿಲ್ಲ. ಊರಿನ ವಾಲಗದವರನ್ನೇ ಕರೆಸಿ ಅರ್ಧ ಗಂಟೆ ನುಡಿಸಿ ರೆಕಾರ್ಡ್ ಮಾಡು, ಅದರ ಬೆಲೆ ಬೇರೆ.

ಯಜಮಾನರು "ಕೂದಲು ಉದುರೋದು ನಿಲ್ಲುತ್ತೆ" ಅಂತ ಒಂದು ಸಾಲು ಸೇರಿಸಿ ಅಂದಿದ್ದಾರೆ ಅಂತ ಬರೆದಿದ್ದೀಯ. ಆಧಾರ ಕೇಳು. ಇಲ್ಲ ಅಂದರೆ ಖಂಡಿತ ಬೇಡ ಅನ್ನು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಮಾಷೆಗೆ ಹೇಳಿದ್ದು ಅಂದರೆ ಯಾರೂ ಒಪ್ಪೋದಿಲ್ಲ. ಬಸ್ಸಿಗೆ ಜನ ಅಂಟಿಕೊಂಡದ್ದನ್ನು ಯಾರೂ ನಿಜ ಅಂತ ನಂಬಲಿಲ್ಲ, ಅದು ಅತಿಶಯೋಕ್ತಿ. ಕೂದಲಿನ ಮಾತನ್ನು ನಂಬ್ತಾರೆ, ನಂಬಿ ದುಡ್ಡು ಕೊಡ್ತಾರೆ.

ಎತ್ತಿನ ವಿಷಯವೂ ಹಾಗೇ. ಯಜಮಾನರ ಗಾಣ ಓಡೋದು ಮೋಟಾರಿನಲ್ಲಿ. ಕ್ಯಾಮೆರಾಗೋಸ್ಕರ ಪಕ್ಕದ ಹಳ್ಳಿಯಿಂದ ಎತ್ತು ತಂದು ಕಟ್ಟೋಣ ಅಂತ ನಿನ್ನ ಕ್ಯಾಮೆರಾಮನ್ ಹೇಳಿದರೆ ಒಪ್ಪಬೇಡ. ಅದು ನೋಡುಗರಿಗೆ ಸುಳ್ಳು ಹೇಳಿದ ಹಾಗೆ. ಅದರ ಮೇಲೆ, ಚಿತ್ರೀಕರಣಕ್ಕೆ ಪ್ರಾಣಿ ಬಳಸಬೇಕಾದರೆ 2001ರ ನಿಯಮದ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಪಡೆದಿರಬೇಕು. ಮೋಟಾರನ್ನು ಧೈರ್ಯವಾಗಿ ತೋರಿಸು. ಮರದ ಗಾಣ ಮೋಟಾರಿನಲ್ಲಿ ಓಡಿದರೂ ನಿಧಾನವಾಗಿಯೇ ಓಡೋದು, ನಿನ್ನ ತಮಾಷೆಗೆ ಬೇಕಾದದ್ದೂ ಅದೇ.

ಕಾಲ್‌ಶೀಟಿನಲ್ಲಿ ಅಜ್ಜನ ಶಾಟುಗಳನ್ನೆಲ್ಲ ಬೆಳಿಗ್ಗೆ ಇಟ್ಟುಕೋ. ಅಟ್ಟದ ಏಣಿ ಹತ್ತಿಸೋದು ಇಳಿಸೋದು ಪದೇ ಪದೇ ಬೇಡ, ಜೊತೆಗೆ ಒಬ್ಬ ಹುಡುಗ ಯಾವಾಗಲೂ ಇರಲಿ. ಮಧ್ಯಾಹ್ನ ಒಂದಕ್ಕೆ ಊಟ ಅಂದರೆ ಒಂದಕ್ಕೇ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸೋಕೆ, ಬಾತ್‌ರೂಮಿಗೆ ಯಾರ ಮನೆ ಅಂತ ರೆಕ್ಕಿ ದಿನವೇ ಗೊತ್ತು ಮಾಡಿಕೋ. ಕೂಸನ್ನು ಕ್ಯಾಮೆರಾ ಮುಂದೆ ತರಲೇಬೇಡ; ಅಳೋ ಸದ್ದು, ತೊಟ್ಟಿಲು ಕಂಡರೆ ಸಾಕು.

ನೀನು ಕಳಿಸಿದ ಬಜೆಟ್ ಕಾಗದ ನೋಡಿದೆ. ಕ್ಯಾಮೆರಾ ಬಾಡಿಗೆ, ಲೈಟು, ವ್ಯಾನು, ಯೂನಿಟ್ ಬಾಟಾ ಎಲ್ಲ ಇದೆ. ಗಾಣದಲ್ಲಿ ಕೆಲಸ ಮಾಡೋವರ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಶೂಟಿಂಗ್ ದಿನ ಗಾಣ ನಿಂತಿರುತ್ತೆ, ಅವರ ಕೂಲಿ ನಿಲ್ಲಬಾರದು. ಕ್ಯಾಮೆರಾ ಮುಂದೆ ಕಾಣಿಸಿಕೊಂಡವರಿಗೆ ಅದರ ಮೇಲೆ ಬೇರೆ ದುಡ್ಡು, ಪ್ಯಾಕಪ್ ಆದ ಸಂಜೆಯೇ, ಕೈಗೆ. ಸೋಮವಾರದ ಕ್ಲೈಂಟ್ ಮೀಟಿಂಗಿಗೆ ಮುಂಚೆ ಆ ಎರಡು ಸಾಲು ಸೇರಿಸು. ದುಡ್ಡು ಸಾಲದಿದ್ದರೆ ಡ್ರೋನ್ ತೆಗೆದುಹಾಕು.

ನಿನ್ನ ಮಾವ